ಪೇಂಟ್ ಕೆಟ್ಟಿತು ಅಂತ ಮಿಗ್ ಬಿಸಾಡ್ಬೇಡಿ

ಪ್ರಶ್ನೆ: 1:72 ಸ್ಕೇಲಿನ (ನಿಜವಾದ್ದಕ್ಕಿಂತ 72 ಪಟ್ಟು ಚಿಕ್ಕ) ಮಿಗ್-21 ಯುದ್ಧವಿಮಾನದ ಪ್ಲಾಸ್ಟಿಕ್ ಮಾಡೆಲ್ ಕಿಟ್ ಕಟ್ಟಿದ್ದೆ. ಅಕ್ರಿಲಿಕ್ ಹಸಿರನ್ನು ಬ್ರಶ್‌ನಲ್ಲಿ ಒಂದೇ ಸಲಕ್ಕೆ ದಪ್ಪ ಬಳಿದು ಪ್ಯಾನೆಲ್ ಲೈನ್ (ಮೈಮೇಲೆ ಕೊರೆದ ಸಣ್ಣ ಗೆರೆಗಳು) ಎಲ್ಲ ಮುಚ್ಚಿಹೋಯ್ತು. ನೈಲ್ ಪಾಲಿಶ್ ರಿಮೂವರ್ ಹಾಕಿ ತೆಗಿ ಅಂತಾನೆ ಫ್ರೆಂಡ್. ಹಾಕ್ಲಾ?
– ಓದುಗರೊಬ್ಬರು, ಮಲ್ಪೆ

ಉತ್ತರ: ಬೇಡ ಮಾರಾಯ್ರೆ! ರಿಮೂವರ್‌ನಲ್ಲಿ ಹೆಚ್ಚಾಗಿ ಅಸಿಟೋನ್ ಇರ್ತದೆ, ಕಿಟ್ಟಿನ ಪ್ಲಾಸ್ಟಿಕ್ ಪಾಲಿಸ್ಟೈರೀನ್, ಪೇಂಟಿನ ಜೊತೆ ರೆಕ್ಕೆಯೂ ಕರಗ್ತದೆ. ಹಾರ್ಡ್‌ವೇರ್ ಅಂಗಡಿಯಲ್ಲಿ ಪೇಂಟ್ ತೆಳು ಮಾಡ್ಲಿಕ್ಕೆ ಸಿಗುವ ಎನ್‌ಸಿ ಥಿನ್ನರೂ ಹಾಗೇ, ನಾನೊಮ್ಮೆ ಗಡಿಬಿಡಿಯಲ್ಲಿ ಅದರಲ್ಲೇ ಒರೆಸ್ಲಿಕ್ಕೆ ಹೋಗಿ ಬಾಲದ ರೆಕ್ಕೆ ಹಸಿ ಬೆಲ್ಲದ ಹಾಗೆ ಬೆರಳಿಗೆ ಅಂಟಿಕೊಂಡು ಬಂದಿತ್ತು.

ನಿಮಗೆ ಬೇಕಾದ್ದು ಐಸೊಪ್ರೊಪೈಲ್ ಆಲ್ಕೊಹಾಲ್, ಅಂದ್ರೆ ಐಪಿಎ. ಮೊಬೈಲ್ ರಿಪೇರಿಯವರು ಬೋರ್ಡ್ ಕ್ಲೀನ್ ಮಾಡುದು ಅದರಲ್ಲೇ, ಎಲ್ಲಿ ಸಿಗ್ತದೆ ಅಂತ ಅವರನ್ನೇ ಕೇಳಿ. ಮೊದ್ಲು ವಿಮಾನದ ಹೊಟ್ಟೆಯ ಅಡಿಯಲ್ಲಿ ಇಯರ್ ಬಡ್‌ನಿಂದ ಒಂಚೂರು ಉಜ್ಜಿ ನೋಡಿ, ಬಡ್ ಹಸಿರಾಗಿ ಪ್ಲಾಸ್ಟಿಕ್ ಗಟ್ಟಿಯೇ ಇದ್ರೆ ಆಯ್ತು. ಕಾಕ್‌ಪಿಟ್ಟಿನ ಗ್ಲಾಸ್ ಬಿಡಿಸಿ ಬದಿಗಿಡಿ, ಅದು ಬಿರುಕು ಬಿಡ್ಲಿಕ್ಕೂ ಸಾಕು. ಮಾಡೆಲ್ ಗೇಣುದ್ದ ಅಷ್ಟೆ, ಮುಚ್ಚಳ ಇರುವ ಸ್ಟೀಲ್ ಡಬ್ಬಿಯಲ್ಲಿ ಐಪಿಎ ಹಾಕಿ ಮುಳುಗಿಸಿಟ್ರೆ ಸಾಕಾಗ್ತದೆ (ಡಬ್ಬಿಯನ್ನು ಮತ್ತೆ ಅಡುಗೆಮನೆಗೆ ಕೊಡ್ಲಿಕ್ಕಿಲ್ಲ). ಕೈಗೆ ಗ್ಲೌಸ್ ಹಾಕಿ, ಕಿಟಕಿ ತೆರೆದಿಡಿ, ಗ್ಯಾಸ್ ಒಲೆ ದೇವರ ದೀಪ ಯಾವುದೂ ಹತ್ತಿರ ಬೇಡ, ಭಗ್ಗನೆ ಹತ್ತುವ ವಸ್ತು.

ಅರ್ಧ ಗಂಟೆ ಬಿಟ್ಟು ನೋಡಿದ್ರೆ ಪೇಂಟ್ ಹಾಲಿನ ಕೆನೆಯ ಹಾಗೆ ಸುಕ್ಕುಗಟ್ಟಿ ಎದ್ದಿರ್ತದೆ, ಹಳೆ ಟೂತ್‌ಬ್ರಶ್‌ನಲ್ಲಿ ಮೆಲ್ಲ ತಿಕ್ಕಿ, ಬಾರದಿದ್ರೆ ಮತ್ತೆ ಮುಳುಗಿಸಿ. ಪ್ಯಾನೆಲ್ ಲೈನಿನ ಒಳಗೆ ಕೂತದ್ದು ಮಾತ್ರ ಹಟಮಾರಿ. ಪಿನ್ ಹಾಕಿದ್ರೆ ಪ್ಲಾಸ್ಟಿಕ್ ಗೀರಿಹೋಗ್ತದೆ, ನಾನು ಹಿಡಿಸೂಡಿ ಕಡ್ಡಿಯ ತುದಿ ಚೂಪು ಮಾಡಿ ಐಪಿಎಯಲ್ಲಿ ಅದ್ದಿ ಗೆರೆಯುದ್ದಕ್ಕೂ ಎಳೀತೇನೆ, ಹಸಿರು ನೂಲಿನ ಹಾಗೆ ಬರ್ತದೆ. ಸೂಪರ್ ಗ್ಲೂ ಹಾಕಿದ ಚಿಲ್ರೆ ಪಾರ್ಟ್ ಕಳಚಿ ಡಬ್ಬಿಯ ತಳದಲ್ಲಿ ಬಿದ್ದಿರ್ಬಹುದು, ಚೆಲ್ಲುವ ಮೊದ್ಲು ಸೋಸಿ.

ಮತ್ತೆ ಸೋಪ್ ನೀರಲ್ಲಿ ತೊಳೆದು ಒಣಗಿಸಿ, ಈ ಸಲ ಪೇಂಟನ್ನು ಹಾಲಿನ ಹದಕ್ಕೆ ತೆಳು ಮಾಡಿ ಮೂರು ಕೋಟ್ ಕೊಡಿ. ಲೆಕ್ಕ ಹಾಕಿ, ಈ ಸ್ಕೇಲಲ್ಲಿ ಕಾಲು ಮಿ.ಮೀ. ಪೇಂಟ್ ಅಂದ್ರೆ ನಿಜವಾದ ಮಿಗ್ ಮೇಲೆ 18 ಮಿ.ಮೀ., ಗೋಡೆಗೆ ಗಾರೆ ಮಾಡಿದ ಹಾಗೆ!

ಪ್ರಶ್ನೆ: ಆಟಿ ತಿಂಗಳ ಮಳೆಯಲ್ಲಿ ಮಾಡೆಲಿಗೆ ಕ್ಯಾನಿನ ಕ್ಲಿಯರ್ ಲ್ಯಾಕರ್ (ಪೇಂಟಿನ ಮೇಲೆ ಹಾಕುವ ಬಣ್ಣ ಇಲ್ಲದ ಕೋಟ್) ಸ್ಪ್ರೇ ಮಾಡಿದೆ, ಬೂದಿ ಬಳಿದ ಹಾಗೆ ಬೆಳ್ಳಗಾಯ್ತು. ಎಲ್ಲ ಕಿತ್ತು ತೆಗೀಬೇಕಾ?
– ಓದುಗರೊಬ್ಬರು, ಮಂಗಳೂರು

ಉತ್ತರ: ಈಗಲೇ ಮುಟ್ಬೇಡಿ. ಲ್ಯಾಕರನ್ನು ಕರಗಿಸಿಟ್ಟ ದ್ರವ (ಸಾಲ್ವೆಂಟ್) ಬೇಗ ಹಾರುವಾಗ ಮೇಲ್ಮೈ ತಣ್ಣಗಾಗಿ ಗಾಳಿಯ ನೀರಿನ ಪಸೆ ಅಲ್ಲೇ ಕೂತುಬಿಡ್ತದೆ, ಬಿಳಿ ಆಗುದು ಅದರಿಂದ. ಒಳ್ಳೆ ಬಿಸಿಲು ಬಂದ ದಿನ ಅದೇ ಕ್ಲಿಯರ್ ತೆಳುವಾಗಿ ಇನ್ನೊಮ್ಮೆ ಹೊಡೆದ್ರೆ ಹಳೆ ಪದರ ಸ್ವಲ್ಪ ಕರಗಿ ಪಸೆ ಹೊರಗೆ ಹೋಗ್ತದೆ, ಹೆಚ್ಚಿನ ಸಲ ಸರಿಯಾಗ್ತದೆ. ಮಳೆ ಬಿಡುದಿಲ್ಲ ಅಂತ ಬಾಗಿಲು ಹಾಕಿ ರೂಮಿನೊಳಗೆ ಹೊಡೀಲಿಕ್ಕೆ ಮಾತ್ರ ಹೊರಡ್ಬೇಡಿ, ಆ ವಾಸನೆಗೆ ಮನೆಯವರೆಲ್ಲ ಕೊಡೆ ಹಿಡ್ಕೊಂಡು ಅಂಗಳದಲ್ಲಿ ನಿಲ್ಬೇಕಾದೀತು.