ಉಸಿರಾಡದ ಮೈಟೊಕಾಂಡ್ರಿಯ

ಪತ್ರ: ಮೈಟೊಕಾಂಡ್ರಿಯ ನಮ್ಮ ಜೀವಕೋಶದ ಶಕ್ತಿಕೇಂದ್ರ, ಅದಕ್ಕೆ ಆಮ್ಲಜನಕ ಬೇಕೇ ಬೇಕು ಎಂದು ಓದಿದ್ದೇನೆ. ಹಾಗಾದರೆ ಗಾಳಿ ಸುಳಿಯದ ಕೆಸರಲ್ಲಿ, ಪ್ರಾಣಿಗಳ ಕರುಳಲ್ಲಿ ಇರುವ ಸಂಕೀರ್ಣ ಜೀವಕೋಶಗಳಿಗೆ ಶಕ್ತಿ ಎಲ್ಲಿಂದ ಬರುತ್ತದೆ? ಅವು ವಿಕಾಸದಲ್ಲಿ ಹಿಂದುಳಿದವೇ? ಮೈಟೊಕಾಂಡ್ರಿಯ ಮೂಲತಃ ಬೇರೊಂದು ಕೋಶದೊಳಗೆ ಸೇರಿಕೊಂಡ ಬ್ಯಾಕ್ಟೀರಿಯವಂತೆ; ಒಂದು ಕೋಶ ಇನ್ನೊಂದರೊಳಗೆ ಸೇರಿಕೊಂಡ ಇಂಥ ಘಟನೆ ಆಮೇಲೆ ಮತ್ತೆ ನಡೆದಿದೆಯೇ?

ಉತ್ತರ: ಹಿಂದುಳಿದವು ಅನ್ನುವ ಮಾತನ್ನು ಮೊದಲು ಪಕ್ಕಕ್ಕಿಡೋಣ. ಹಾಗೆ ಅನ್ನಿಸುವುದು ಸಹಜವೇ. 1983ರಲ್ಲಿ ಬ್ರಿಟಿಷ್ ಜೀವವಿಜ್ಞಾನಿ ಟಾಮ್ ಕ್ಯಾವಲಿಯರ್-ಸ್ಮಿತ್ ಕೂಡ ಹೆಚ್ಚುಕಮ್ಮಿ ಇದನ್ನೇ ವಾದಿಸಿದ್ದರು. ಭೇದಿ ತರುವ ಜಿಯಾರ್ಡಿಯದಂಥ ಏಕಕೋಶ ಜೀವಿಗಳಲ್ಲಿ ಮೈಟೊಕಾಂಡ್ರಿಯ ಕಾಣುವುದಿಲ್ಲ. ಹಾಗಾಗಿ ಇವು ಮೈಟೊಕಾಂಡ್ರಿಯ ಬರುವುದಕ್ಕೂ ಮೊದಲೇ ಕವಲೊಡೆದ ವಂಶ ಎಂದರು. ಆಮೇಲೆ ಇವುಗಳ ಜೀನ್‌ಗಳನ್ನು ಓದಿದರೆ ಮೈಟೊಕಾಂಡ್ರಿಯದ ಗುರುತುಗಳು ಸಿಕ್ಕವು. 2003ರಲ್ಲಿ ಜಿಯಾರ್ಡಿಯದೊಳಗೆ ಅದರ ಪುಟ್ಟ ಅವಶೇಷವೇ ಪತ್ತೆಯಾಯಿತು. ಮೈಟೋಸೋಮ್ ಎಂದು ಅದರ ಹೆಸರು. ಕೋಶ ಶಕ್ತಿಗಾಗಿ ಬಳಸುವ ಎಟಿಪಿ ಎಂಬ ಅಣುವನ್ನು ಅದು ತಯಾರಿಸುವುದೇ ಇಲ್ಲ! ಕೋಶದ ಕಿಣ್ವಗಳಿಗೆ ಬೇಕಾದ ಕಬ್ಬಿಣ-ಗಂಧಕದ ಗುಚ್ಛಗಳನ್ನು ಕಟ್ಟುತ್ತದೆ, ಅಷ್ಟೇ. ಅಂದರೆ ಈ ಜೀವಿಗಳ ಪೂರ್ವಜರಲ್ಲಿ ಮೈಟೊಕಾಂಡ್ರಿಯ ಇತ್ತು, ಕೆಲಸ ಕಡಿಮೆಯಾದಂತೆ ಸೊರಗಿತು.

ಇನ್ನು ಶಕ್ತಿಯ ವಿಷಯ. ಆಹಾರ ಒಡೆದಾಗ ಎಲೆಕ್ಟ್ರಾನ್‌ಗಳು ಹೊರಬರುತ್ತವೆ. ಆ ಹೊರೆಯನ್ನು ಎಲ್ಲಾದರೂ ಇಳಿಸಲೇಬೇಕು, ಇಲ್ಲದಿದ್ದರೆ ಕೆಲಸ ಅಲ್ಲಿಗೇ ನಿಲ್ಲುತ್ತದೆ. ಇಳಿಸಲು ತುಂಬಾ ಲಾಭದ ಜಾಗ ಆಮ್ಲಜನಕ: ಒಂದು ಗ್ಲೂಕೋಸ್ ಅಣುವಿನಿಂದ ಸುಮಾರು 30 ಎಟಿಪಿ ಸಿಗುತ್ತದೆ. ಅದಿಲ್ಲದೆ ಗ್ಲೂಕೋಸನ್ನು ಪೈರುವೇಟ್ ಆಗುವವರೆಗೆ ಒಡೆದರೆ ನಿವ್ವಳ 2. ಕಡಿಮೆ ಅನ್ನಿಸಬಹುದು. ಆದರೆ ಕರುಳಿನಲ್ಲಿ ಆಹಾರಕ್ಕೇನು ಬರ ಅಲ್ವಾ? ಜಾಸ್ತಿ ತಿಂದರೆ ನಡೆಯುತ್ತದೆ.

ಕೆಲವು ಜೀವಿಗಳು ಇನ್ನೂ ಸ್ವಲ್ಪ ಲಾಭ ಹಿಂಡುತ್ತವೆ. ದನಗಳಿಗೆ ರೋಗ ತರುವ ಟ್ರೈಕೊಮೊನಾಡ್ ಎಂಬ ಏಕಕೋಶ ಜೀವಿಯಲ್ಲಿ 1973ರಲ್ಲಿ ಡೊನಾಲ್ಡ್ ಲಿಂಡ್‌ಮಾರ್ಕ್ ಮತ್ತು ಮಿಕ್ಲೋಶ್ ಮ್ಯೂಲರ್ ಹೊಸದೊಂದು ಕಣದಂಗವನ್ನು (ಕೋಶದೊಳಗಿನ ಪುಟ್ಟ ಅಂಗವನ್ನು) ವಿವರಿಸಿದರು. ಇದು ಪೈರುವೇಟನ್ನು ಮತ್ತೆ ಒಡೆಯುತ್ತದೆ, ಎಲೆಕ್ಟ್ರಾನ್‌ಗಳನ್ನು ಪ್ರೋಟಾನ್‌ಗಳ ಮೇಲೆ ಇಳಿಸುತ್ತದೆ. ಹಾಗಾಗಿ ಜಲಜನಕ ಅನಿಲ ಹೊರಬರುತ್ತದೆ, ಜೊತೆಗೆ ಒಂದಿಷ್ಟು ಎಟಿಪಿಯೂ ಸಿಗುತ್ತದೆ. ಜಲಜನಕ ಬಿಡುವುದರಿಂದಲೇ ಅದಕ್ಕೆ ಹೈಡ್ರೋಜನೋಸೋಮ್ ಎಂದು ಹೆಸರಿಟ್ಟರು. ಇದೂ ಮೈಟೊಕಾಂಡ್ರಿಯದ ದಾಯಾದಿಯೇ. ಕರುಳಿನ ಜಂತುಹುಳುವಿನ ದಾರಿ ಬೇರೆ. ಅದರಲ್ಲಿ ಮೈಟೊಕಾಂಡ್ರಿಯ ಸರಿಯಾಗಿಯೇ ಇದೆ. ಆದರೆ ಅದು ಎಲೆಕ್ಟ್ರಾನ್‌ಗಳನ್ನು ಫ್ಯೂಮರೇಟ್ ಎಂಬ ಅಣುವಿಗೆ ಕೊಡುತ್ತದೆ, ಆಮ್ಲಜನಕಕ್ಕಲ್ಲ.

ನನಗೆ ಎಲ್ಲಕ್ಕಿಂತ ಕುತೂಹಲ, ಮೈಟೊಕಾಂಡ್ರಿಯವಾದ ಬ್ಯಾಕ್ಟೀರಿಯ ಮತ್ತು ಅದನ್ನು ಒಳಗೆ ಕರೆದುಕೊಂಡ ಕೋಶದ ಒಡನಾಟ ಹೇಗೆ ಶುರುವಾಯಿತು ಅನ್ನುವುದರಲ್ಲಿ. ಸುಮಾರು 240 ಕೋಟಿ ವರ್ಷಗಳ ಹಿಂದೆ ಗಾಳಿಯಲ್ಲಿ ಆಮ್ಲಜನಕ ಏರಿತು, ನಿಜ. ಆದರೆ ಆಳಸಮುದ್ರ ಅದಾಗಿ ನೂರು ಕೋಟಿ ವರ್ಷ ಕಳೆದರೂ ಬಹುಪಾಲು ಆಮ್ಲಜನಕ ಇಲ್ಲದೆಯೇ ಇತ್ತು. ಆಮ್ಲಜನಕದ ಆಸೆಗೇ ಆತಿಥೇಯ ಕೋಶ ಬ್ಯಾಕ್ಟೀರಿಯವನ್ನು ಒಳಗೆ ಕರೆದುಕೊಂಡಿತು ಅನ್ನುವ ಕತೆ ಇಲ್ಲಿ ಸಡಿಲವಾಗುತ್ತದೆ. 1998ರಲ್ಲಿ ವಿಲಿಯಂ ಮಾರ್ಟಿನ್ ಮತ್ತು ಅದೇ ಮ್ಯೂಲರ್ ಬೇರೆ ಕತೆ ಹೇಳಿದರು. ಜಲಜನಕ ಬೇಕಾಗಿದ್ದ ಆರ್ಕಿಯಾ (ಬ್ಯಾಕ್ಟೀರಿಯದಂತೆ ಕಂಡರೂ ಬೇರೆಯೇ ವಂಶದ ಸೂಕ್ಷ್ಮಜೀವಿ) ಒಂದು, ಜಲಜನಕವನ್ನು ಕಸದಂತೆ ಹೊರಬಿಡುತ್ತಿದ್ದ ಬ್ಯಾಕ್ಟೀರಿಯವನ್ನು ಅಪ್ಪಿಕೊಂಡಿತು. ಆ ಬ್ಯಾಕ್ಟೀರಿಯಕ್ಕೆ ಆಮ್ಲಜನಕ ಇದ್ದರೂ ಸರಿ, ಇಲ್ಲದಿದ್ದರೂ ಸರಿ. ಈ ಕತೆಯೇ ನನಗೆ ಹೆಚ್ಚು ಒಪ್ಪಿಗೆ, ಒಂದೇ ಮೂಲದಿಂದ ಇಷ್ಟು ಬಗೆಯ ಅಂಗಗಳು ಹೇಗೆ ಬಂದವು ಎಂದು ಅದು ಹೇಳುತ್ತದೆ. ಎಲ್ಲವೂ ಕೂಡಿಬರುವುದಿಲ್ಲ ಅನ್ನಿ. ನಮ್ಮ ಕೋಶಗಳ ಹತ್ತಿರದ ಸಂಬಂಧಿಯಾದ ಒಂದು ಆರ್ಕಿಯಾವನ್ನು ಜಪಾನಿನ ತಂಡ 12 ವರ್ಷ ಕಷ್ಟಪಟ್ಟು ಬೆಳೆಸಿ, 2020ರಲ್ಲಿ ಪ್ರಕಟಿಸಿತು. ಅದು ಜಲಜನಕ ಪಡೆಯುವುದಿಲ್ಲ, ಜೊತೆಗಾರ ಸೂಕ್ಷ್ಮಜೀವಿಗೆ ಕೊಡುತ್ತದೆ! ಲೆಕ್ಕ ತಿರುಗುಮುರುಗು. ಹಾಗಿದ್ದರೂ ಅದು ಬದುಕುವುದು ಆಮ್ಲಜನಕವಿಲ್ಲದ ಸಮುದ್ರದ ಕೆಸರಲ್ಲೇ.

ನಿಮ್ಮ ಕೊನೆಯ ಪ್ರಶ್ನೆಗೆ ಉತ್ತರ ಹೌದು. ಗಿಡಗಳಲ್ಲಿ ಬೆಳಕಿನಿಂದ ಆಹಾರ ತಯಾರಿಸುವ ಹರಿದ್ರೇಣುವೂ ಹಾಗೆ ಬಂದದ್ದೇ. ಆಮ್ಲಜನಕವಿಲ್ಲದ ಕಡೆಯದೇ ಉದಾಹರಣೆ ಬೇಕೆಂದರೆ ಸ್ವಿಟ್ಜರ್ಲೆಂಡಿನ ಜುಗ್ ಸರೋವರಕ್ಕೆ ಹೋಗಬೇಕು. ಅದರ ಆಳದಲ್ಲಿರುವ, ಮೈಮೇಲಿನ ಪುಟ್ಟ ರೋಮಗಳಿಂದ ಈಜುವ ಏಕಕೋಶ ಜೀವಿಯಾದ ಒಂದು ಸಿಲಿಯೇಟ್‌ನೊಳಗೆ ಬ್ಯಾಕ್ಟೀರಿಯವೊಂದು ನೆಲೆಸಿರುವುದು 2021ರಲ್ಲಿ ವರದಿಯಾಯಿತು. ಅದು ಎಲೆಕ್ಟ್ರಾನ್‌ಗಳನ್ನು ನೈಟ್ರೇಟ್ ಮೇಲೆ ಇಳಿಸುತ್ತದೆ, ತಯಾರಾದ ಎಟಿಪಿಯನ್ನು ಆತಿಥೇಯನಿಗೆ ಕೊಡುತ್ತದೆ. ಅದರ ಜೀನೋಮ್ ಸೊರಗಿ ಸುಮಾರು 2.9 ಲಕ್ಷ ಅಕ್ಷರಗಳಿಗೆ ಇಳಿದಿದೆ. ಇದನ್ನು ಬ್ಯಾಕ್ಟೀರಿಯ ಎನ್ನಬೇಕೋ ಕಣದಂಗ ಎನ್ನಬೇಕೋ ಎಂದು ಕೇಳಿದರೆ, ಸದ್ಯಕ್ಕೆ ಬ್ಯಾಕ್ಟೀರಿಯ ಎಂದೇ ನನ್ನ ಉತ್ತರ.

— ಸಂ.