ಕೋಳಿಗಳು ರಾತ್ರಿ ಮೊಟ್ಟೆ ಪೆಟ್ಟಿಗೆಯಲ್ಲೇ ಮಲಗುತ್ತಿವೆ, ಬಿಡಿಸುವುದು ಹೇಗೆ?

ಆರು ಕೋಳಿ, ಎರಡು ಪೆಟ್ಟಿಗೆ, ಬೆಳಗಾದರೆ ಹಿಕ್ಕೆ ಮೆತ್ತಿದ ಮೊಟ್ಟೆ. ಸಂಜೆ ಪೆಟ್ಟಿಗೆಗೆ ಹಲಗೆ ಅಡ್ಡ ಇಟ್ಟು ಮುಚ್ಚಿಬಿಡಲೇ ಅಂತ ಕೇಳಿದ್ದೀರಿ. ನಾನೂ ಇದನ್ನೆಲ್ಲ ದಾಟಿ ಬಂದವನೇ, ಅದಕ್ಕೇ ನೇರವಾಗಿ ಹೇಳುತ್ತೇನೆ: ಇವತ್ತೇ ಮುಚ್ಚಬೇಡಿ. ಮುಚ್ಚುವುದು ಕೊನೆಯ ಕೆಲಸ. ಕೋಳಿಗಳಿಗೆ ಕೆಟ್ಟ ಚಾಳಿ ಅಂಟಿದೆ ಅಂತ ನೀವು ಬರೆದಿದ್ದನ್ನೂ ನಾನು ಒಪ್ಪುವುದಿಲ್ಲ. ಕತ್ತಲಾಗುವ ಹೊತ್ತಿಗೆ ಕೋಳಿ ಗೂಡಿನಲ್ಲಿ ಎಲ್ಲಕ್ಕಿಂತ ಎತ್ತರದ ಜಾಗ ಹುಡುಕುತ್ತೆ, ಕಾಲಿಗೆ ಅಲುಗಾಡದ ಆಸರೆ ಹುಡುಕುತ್ತೆ. ಅವೆರಡೂ ಪೆಟ್ಟಿಗೆಯ ಹತ್ತಿರ ಸಿಗುತ್ತಿವೆ, ರಾತ್ರಿ ಕೂತು ಮಲಗಲೆಂದು ಅಡ್ಡ ಹಾಕಿದ ಗಳದ ಮೇಲೆ ಸಿಗುತ್ತಿಲ್ಲ. ಹೀಗಿರುವಾಗ ಬರೀ ಬಾಗಿಲು ಹಾಕಿದರೆ ಅವು ಗಳಕ್ಕೆ ಹೋಗುವುದಿಲ್ಲ, ಮೂಲೆಯಲ್ಲಿ ಒಂದರ ಮೇಲೊಂದು ಬಿದ್ದುಕೊಳ್ಳುತ್ತವೆ.

ಮೊದಲು ಟೇಪು ಹಿಡಿದು ಅಳೆಯಿರಿ. ಎಲ್ಲಿಂದ ಎಲ್ಲಿಗೆ ಅಳೆಯಬೇಕು ಅನ್ನುವಲ್ಲೇ ಹೆಚ್ಚಿನವರು ಎಡವುವುದು, ಉಳಿದ ಶ್ರಮವೆಲ್ಲ ನೀರುಪಾಲಾಗುವುದೂ ಇಲ್ಲೇ. ಪೆಟ್ಟಿಗೆಯ ತಳ ನೆಲದಿಂದ 45 ಸೆಂ.ಮೀ. ಮೇಲಿದೆ, ಗಳ 60 ಸೆಂ.ಮೀ. ಮೇಲಿದೆ ಅಂದುಕೊಳ್ಳಿ. ಗಳವೇ ಎತ್ತರ, ಸರಿಯಾಗಿದೆ ಅನ್ನಿಸುತ್ತೆ. ಆದರೆ ಪೆಟ್ಟಿಗೆಯ ಎತ್ತರವೇ 30 ಸೆಂ.ಮೀ. ಇದ್ದರೆ ಅದರ ಮೇಲ್ಹಲಗೆ 75ಕ್ಕೆ ಬಂತು. ಕೋಳಿಯ ಕಣ್ಣಿಗೆ ಗೂಡಿನ ತುದಿ ಅದೇ. ಜೋರಿನ ಕೋಳಿಗಳು ಮೊದಲು ಹೋಗಿ ಮೇಲ್ಹಲಗೆ ಹಿಡಿಯುತ್ತವೆ, ಅಲ್ಲಿ ಕುಕ್ಕಿಸಿಕೊಂಡವು ಕೆಳಗಿನ ಅಂಚಿಗೆ ಇಳಿದು ಒಳಗೆ ಸೇರಿಕೊಳ್ಳುತ್ತವೆ. ಹಾಗಾಗಿ ಲೆಕ್ಕ ಹಾಕಬೇಕಾದ್ದು ಪೆಟ್ಟಿಗೆಯ ತಳದಿಂದಲ್ಲ, ಅದರ ಮೇಲ್ಹಲಗೆಯಿಂದ. ಅಲ್ಲಿಂದ ಗಳ ಕನಿಷ್ಠ 20, ಸಾಧ್ಯವಾದರೆ 30 ಸೆಂ.ಮೀ. ಮೇಲಿರಲಿ. ಇನ್ನೊಂದು ಸೂಕ್ಷ್ಮವಿದೆ. ಪೆಟ್ಟಿಗೆಯನ್ನು ನೆಲದ ಹಾಸಿನ ಮೇಲೆ ಹಾಗೇ ಇಟ್ಟಿದ್ದರೆ, ನೀವು ಹಾಸು ಸೇರಿಸುತ್ತ ಹೋದಂತೆ ಪೆಟ್ಟಿಗೆಯೂ ಮೇಲೇರುತ್ತೆ, ಗೋಡೆಗೆ ಬಿಗಿದ ಗಳ ಇದ್ದಲ್ಲೇ ಇರುತ್ತೆ. ಮೊದಲು ಸರಿಯಿದ್ದ ಅಂತರ ತಿಂಗಳುಗಳಲ್ಲಿ ಕರಗಿ ಹೋಗುತ್ತೆ. "ಇಷ್ಟು ದಿನ ಗಳದ ಮೇಲೇ ಮಲಗುತ್ತಿದ್ದವು, ಈಗೇನಾಯಿತು" ಅನ್ನುವವರು ಇದನ್ನೊಮ್ಮೆ ನೋಡಬೇಕು.

ಅಂತರ ಸಾಲದಿದ್ದರೆ ಗಳವನ್ನು ಏರಿಸುವುದಕ್ಕಿಂತ ಪೆಟ್ಟಿಗೆಯನ್ನು ಇಳಿಸಿ ಅನ್ನುವುದು ನನ್ನ ಖಚಿತ ಅಭಿಪ್ರಾಯ. ನೆಲದಿಂದ 10-15 ಸೆಂ.ಮೀ. ಎತ್ತರಕ್ಕೆ ಇಟ್ಟಿಗೆ ಕೊಟ್ಟು ಕೂರಿಸಿದರೂ ಕೋಳಿ ಸಂತೋಷವಾಗಿ ಮೊಟ್ಟೆ ಇಡುತ್ತೆ. ಆಗ ಮೇಲ್ಹಲಗೆ 45ರ ಆಸುಪಾಸು ನಿಲ್ಲುತ್ತೆ, ಗಳ 75ರಲ್ಲಿದ್ದರೆ ಸಾಕಾಗುತ್ತೆ. ದಪ್ಪ ಮೈಯ ತಳಿಗಳಿಗಂತೂ ಗಳ 60 ದಾಟಬಾರದು. ಎತ್ತರದಿಂದ ದಿನಾ ಧೊಪ್ಪೆಂದು ಹಾರಿದರೆ ಅಂಗಾಲಿಗೆ ಪೆಟ್ಟಾಗಿ, ಗಾಯಕ್ಕೆ ಸೋಂಕು ತಗುಲಿ ಬಾವು ಬರುತ್ತೆ, ನಡುವೆ ಕಪ್ಪು ಹಕ್ಕಳೆ ಕಟ್ಟುತ್ತೆ. ಅಂಥವಕ್ಕೆ ಪೆಟ್ಟಿಗೆ ನೆಲದಲ್ಲೇ ಇರಲಿ. ಮೇಲ್ಹಲಗೆಯ ಮೇಲೆ 45 ಡಿಗ್ರಿ ಇಳಿಜಾರಾಗಿ ನುಣುಪಾದ ತಗಡು ಹೊಡೆಯಿರಿ, ಕೂರಲು ಹೋದದ್ದು ಜಾರಬೇಕು.

ಗಳ ಹೇಗಿರಬೇಕು? ಮರದ್ದು, 5 ಸೆಂ.ಮೀ. ಅಗಲ, ಮೇಲ್ಭಾಗ ಚಪ್ಪಟೆ, ಅಂಚುಗಳನ್ನು ಮಾತ್ರ ಉಜ್ಜಿ ದುಂಡಗೆ ಮಾಡಿದ್ದು. ಪ್ಲಾಸ್ಟಿಕ್ ಪೈಪು ಬೇಡ, ಕಾಲು ಜಾರುತ್ತೆ. ಕೂತಾಗ ಗಳ ಉರುಳಿದರೆ ಆ ಕೋಳಿ ಮತ್ತೆ ಅತ್ತ ಸುಳಿಯುವುದೇ ಇಲ್ಲ. ಒಂದು ಕೋಳಿಗೆ 25 ಸೆಂ.ಮೀ. ಲೆಕ್ಕದಲ್ಲಿ ಆರಕ್ಕೆ 150 ಆಗುತ್ತೆ, ನೀವು 180 ಕೊಡಿ. ಬಡಪಾಯಿ ಕೋಳಿಗೆ ಜೋರಿನದರಿಂದ ದೂರ ಕೂರಲು ಜಾಗ ಬೇಕು. ಎಷ್ಟೋ ಗೂಡುಗಳಲ್ಲಿ ಪೆಟ್ಟಿಗೆ ಸೇರುವುದು ಇಂಥ ಒಂದೇ ಕೋಳಿ. ಎರಡು ಗಳ ಹಾಕುವುದಾದರೆ ಒಂದೇ ಎತ್ತರಕ್ಕೆ ಹಾಕಿ, ಇಲ್ಲದಿದ್ದರೆ ಮೇಲಿನದಕ್ಕಾಗಿ ದಿನಾ ಜಗಳ. ಗೋಡೆಯಿಂದ 30, ಗಳದಿಂದ ಗಳಕ್ಕೆ 40 ಸೆಂ.ಮೀ. ಬಿಡಿ. ಗಾಳಿ ನೇರ ಮೈಗೆ ಬಡಿಯುವ ಕಿಟಕಿಯ ಮುಂದೆ ಬೇಡ. ಗಳದ ತುದಿಗಳನ್ನು ಮೊಳೆ ಹೊಡೆದು ಬಿಗಿಯದೆ ಕಚ್ಚು ಕೊರೆದ ಆಸರೆಯಲ್ಲಿ ಬಿಗಿಯಾಗಿ ಕೂರಿಸಿ, ಎತ್ತಿ ತೆಗೆಯುವಂತಿರಬೇಕು. ಯಾಕೆಂದರೆ ನುಸಿ.

ಗಳದ ಮೇಲೆ ಮಲಗುತ್ತಿದ್ದ ಕೋಳಿಗಳು ಇದ್ದಕ್ಕಿದ್ದಂತೆ ಬಿಟ್ಟು ಬಂದಿದ್ದರೆ ನನ್ನ ಅನುಮಾನ ಕೆಂಪು ನುಸಿಯ ಮೇಲೆ. ಹಗಲು ಮರದ ಸಂದಿನಲ್ಲಿ ಅಡಗಿದ್ದು ರಾತ್ರಿ ಬಂದು ರಕ್ತ ಹೀರುತ್ತೆ. ಕತ್ತಲಾಗಿ ಒಂದೆರಡು ಗಂಟೆ ಆದ ಮೇಲೆ ಬಿಳಿ ಕಾಗದ ಹಿಡಿದು ಗಳದ ಅಡಿಭಾಗವನ್ನು ಒತ್ತಿ ಉಜ್ಜಿ. ಕಾಗದದ ಮೇಲೆ ಕೆಂಪು ಗೀರು ಬಿದ್ದರೆ ನುಸಿ ಇದೆ. ಗಳ ಹೊರಗೆ ತೆಗೆದು ಕೆರೆದು, ಸಂದುಗಳಿಗೆ ಕುದಿಯುವ ನೀರು ಹುಯ್ದು, ಪೂರ್ತಿ ಒಣಗಿಸಿ ಸುಣ್ಣ ಬಳಿಯಿರಿ. ಒಂದೇ ಸಲಕ್ಕೆ ಮುಗಿಯುವುದಿಲ್ಲ. ಸೆಖೆಯಲ್ಲಿ ಅದರ ಒಂದು ತಲೆಮಾರಿಗೆ ವಾರ ಸಾಕು, ಆದ್ದರಿಂದ 5-7 ದಿನಕ್ಕೆ ಮತ್ತೆ ಮಾಡಿ.

ಇಷ್ಟಾದ ಮೇಲೆ ಮುಚ್ಚುವ ಮಾತು. ಸೂರ್ಯ ಮುಳುಗಲು ಒಂದು ಗಂಟೆ ಇರುವಾಗ ಒಳಗೆ ಕೋಳಿ ಇಲ್ಲ ಅಂತ ನೋಡಿಕೊಂಡು, ಮೊಟ್ಟೆ ತೆಗೆದು, ಹಲಗೆ ಅಡ್ಡ ಇಡಿ. ಕತ್ತಲು ಕವಿದ ಮೇಲೆ ಮಂದ ಬೆಳಕಿನಲ್ಲಿ ಹೋಗಿ, ನೆಲದಲ್ಲಿ ಕೂತವನ್ನು ರೆಕ್ಕೆ ಸೇರಿಸಿ ಎರಡೂ ಕೈಯಲ್ಲಿ ಹಿಡಿದು ಗಳಕ್ಕೆ ಏರಿಸಿ. ಬೆರಳು ಮರವನ್ನು ಹಿಡಿಯುವವರೆಗೂ ಕೈ ಬಿಡಬೇಡಿ. ಆಮೇಲೆ ಹಲಗೆ ತೆಗೆದುಬಿಡಿ. ಕತ್ತಲಲ್ಲಿ ಕೋಳಿಗೆ ಕಣ್ಣು ಕಾಣುವುದು ತೀರ ಕಡಿಮೆ, ಕೂತಲ್ಲಿಂದ ಏಳುವುದಿಲ್ಲ. ಬೆಳಗಿನವರೆಗೆ ಮುಚ್ಚಿಟ್ಟು ನೀವು ಏಳುವುದು ತಡವಾದರೆ, ಮುಂಜಾನೆ ಮೊಟ್ಟೆ ಇಡುವವು ನೆಲದಲ್ಲಿ ಇಡುತ್ತವೆ, ಅದು ತುಳಿತಕ್ಕೆ ಒಡೆಯುತ್ತೆ, ರುಚಿ ಕಂಡ ಕೋಳಿ ಮೊಟ್ಟೆ ಕುಕ್ಕಿ ತಿನ್ನಲು ಕಲಿಯುತ್ತೆ. ಒಂದು ಸಂಜೆಯೂ ತಪ್ಪದೆ ವಾರ, ಹತ್ತು ದಿನ ಮಾಡಿ. ಗೂಡಿಗೆ ದೀಪ ಹಾಕುವ ಪದ್ಧತಿ ಇದ್ದರೆ ಬೆಳಗಿನ ಹೊತ್ತಿಗೆ ಇಟ್ಟುಕೊಳ್ಳಿ. ಸಂಜೆ ದೀಪ ತಟ್ಟನೆ ಆರಿದರೆ ಕೋಳಿ ಎಲ್ಲಿದೆಯೋ ಅಲ್ಲೇ ಕುಸಿದು ಕೂರುತ್ತೆ.

ಹಗಲೂ ಪೆಟ್ಟಿಗೆ ಬಿಡದೆ, ಮೈ ಉಬ್ಬಿಸಿ, ಕೈ ಹಾಕಿದರೆ ಕುಕ್ಕುವ ಕೋಳಿ ಕಾವಿಗೆ ಕೂತಿದೆ, ಅದಕ್ಕೆ ಈ ಉಪಾಯ ನಾಟುವುದಿಲ್ಲ. ಗರಿ ಉದುರಿಸುತ್ತಿರುವ ಕೋಳಿಗೆ ಹೊಸ ಗರಿ ಮೂಡುವಾಗ ಪಕ್ಕದವು ತಾಗಿದರೂ ನೋವು, ಅದನ್ನು ಕೆಲವು ವಾರ ಅದರ ಪಾಡಿಗೆ ಬಿಡಿ. ಸಿಲ್ಕಿ ತಳಿ ಹಾರಲಾರದು, ಅದಕ್ಕೆ ನೆಲದಲ್ಲೇ ಬೇರೆ ಮೂಲೆ ಮಾಡಿಕೊಡಿ. ಮುಂದೆ ಎಳೆ ಕೋಳಿ ತಂದರೆ ಮೊಟ್ಟೆ ಇಡುವ ಹೊತ್ತಿನವರೆಗೆ, ಅಂದರೆ ಸುಮಾರು 18 ವಾರದವರೆಗೆ, ಪೆಟ್ಟಿಗೆ ಮುಚ್ಚಿಯೇ ಇರಲಿ.

ಕೋಳಿಗಳು ಗಳಕ್ಕೆ ಹೊಂದಿಕೊಳ್ಳುವವರೆಗೆ ಸಿಗುವ ಕೊಳಕು ಮೊಟ್ಟೆಯನ್ನು ತಣ್ಣೀರಲ್ಲಿ ಅದ್ದಬೇಡಿ. ಒಳಗಿನದು ಕುಗ್ಗಿ, ಚಿಪ್ಪಿನ ಸಣ್ಣ ರಂಧ್ರಗಳಿಂದ ಕೊಳೆಯನ್ನು ಒಳಕ್ಕೆ ಎಳೆದುಕೊಳ್ಳುತ್ತೆ. ಒಣಗಿದ ಹಿಕ್ಕೆಯನ್ನು ಒರಟು ಬಟ್ಟೆಯಿಂದ ಉಜ್ಜಿ ತೆಗೆಯಿರಿ. ತೊಳೆಯಲೇಬೇಕಾದರೆ ನೀರು ಮೊಟ್ಟೆಗಿಂತ ಬೆಚ್ಚಗಿರಲಿ. ತೊಳೆದದ್ದನ್ನು ಬೇಗ ಬಳಸಿ, ಕಾವಿಗೆ ಮಾತ್ರ ಇಡಬೇಡಿ.