ಕಾರು ಹೊರಡುತ್ತೆ ಸರಿ, ನಿಲ್ಲುತ್ತಾ? ಚಳಿಗಾಲದ ಟೈರ್ ಪ್ರಶ್ನೆಗಳಿಗೆ ಉತ್ತರ

ನವೆಂಬರ್ ಬಂತು ಅಂದ್ರೆ ಸಾಕು, ವಿಂಟರ್ ಟೈರ್ ಬೇಕೇ ಬೇಕಾ ಅನ್ನೋ ಒಂದೇ ಪ್ರಶ್ನೆ ಹತ್ತು ಊರಿಂದ ಬರೋಕೆ ಶುರು. ಅಮೆರಿಕದ ಮಿಶಿಗನ್‌ನಲ್ಲಿ ಟೈರ್ ಕೆಲಸಕ್ಕೆ ಸೇರಿ ಹತ್ತು ವರ್ಷದ ಮೇಲಾಯ್ತು, ಪ್ರತಿ ಚಳಿಗಾಲಾನೂ ಇದನ್ನೇ ಹೇಳ್ತಾ ಬಂದಿದೀನಿ, ಆದ್ರೂ ಕೇಳೋರು ಕೇಳ್ತಾನೇ ಇರ್ತಾರೆ. ಅದಕ್ಕೆ ಈ ಸಲ ಒಂದು ಪ್ರಶ್ನೆಗೆ ಪೂರ್ತಿ ಉತ್ತರ ಬರೀತೀನಿ, ಉಳಿದವಕ್ಕೆ ಚುಟುಕಾಗಿ.

ಪ್ರಶ್ನೆ (ನೋವೈ, ಮಿಶಿಗನ್): ಸರ್, ನಂದು ಆಲ್ ವೀಲ್ ಡ್ರೈವ್ ಸೆಡಾನ್. 245/40 ಆರ್ 18 ಸೈಜಿನ ಅಲ್ಟ್ರಾ ಹೈ ಪರ್ಫಾರ್ಮೆನ್ಸ್ ಆಲ್ ಸೀಸನ್ ಟೈರ್ ಇದೆ, ಸೈಡಲ್ಲಿ ಎಂ ಪ್ಲಸ್ ಎಸ್ ಅಂತಾನೂ ಬರೆದಿದೆ. 22,000 ಮೈಲಿ ಓಡಿದೆ. ಹೋದ ವರ್ಷ ಸ್ನೋದಲ್ಲಿ ಒಂದು ಸಲಾನೂ ಸಿಕ್ಕಾಕೊಂಡಿಲ್ಲ. ವಿಂಟರ್ ಟೈರಿಗೆ ಸಾವಿರ ಡಾಲರ್ ಸುರಿಯೋದು ದಂಡ ಅಲ್ವಾ?

ಆ "ಸಿಕ್ಕಾಕೊಂಡಿಲ್ಲ" ಅನ್ನೋ ಮಾತು ಕೇಳಿದ್ರೇನೇ ನನಗೆ ಸಿಟ್ಟು ಬರೋದು. ಸಿಕ್ಕಾಕೊಂಡ್ರೆ ಏನಾಗುತ್ತೆ ಹೇಳಿ, ಪಕ್ಕದ ಮನೆಯವರು ಬಂದು ತಳ್ತಾರೆ, ಸಲಿಕೆ ತಗೊಂಡು ಒಂದಿಷ್ಟು ಕೆರೀತೀರ, ಆಫೀಸಿಗೆ ಅರ್ಧ ಗಂಟೆ ಲೇಟು. ನಿಲ್ಲಬೇಕಾದ ಕಡೆ ನಿಲ್ಲದೇ ಹೋದ್ರೆ? ಆಲ್ ವೀಲ್ ಡ್ರೈವ್ ಮಾಡೋದು ಇಂಜಿನ್ ಶಕ್ತಿನ ನಾಲ್ಕೂ ಚಕ್ರಕ್ಕೆ ಹಂಚೋ ಕೆಲಸ ಅಷ್ಟೇ. ಬ್ರೇಕ್ ಒತ್ತಿದಾಗ ಎಲ್ಲಾ ಕಾರಲ್ಲೂ ನಾಲ್ಕು ಚಕ್ರಕ್ಕೇ ಬ್ರೇಕ್ ಬೀಳೋದು, ಅಲ್ಲಿ ನಿಮಗೆ ಎಕ್ಸ್‌ಟ್ರಾ ಏನೂ ಸಿಗಲ್ಲ. ಇನ್ನೊಂದು ಅಪಾಯ, ಸಲೀಸಾಗಿ ಮುಂದಕ್ಕೆ ಹೋಗುತ್ತಲ್ಲ, ರೋಡು ಎಷ್ಟು ಜಾರ್ತಿದೆ ಅಂತ ನಿಮಗೆ ಗೊತ್ತೇ ಆಗಲ್ಲ, ಗೊತ್ತಾಗೋದು ಸಿಗ್ನಲ್ ಹತ್ರ ಬ್ರೇಕ್ ಒತ್ತಿದಾಗಲೇ.

ಹಿಮದಲ್ಲಿ ಟೈರ್ ಹಿಡಿಯೋದು ಹೇಗೆ ಅಂತ ನೋಡಿ. ರವೆ ಉಂಡೆ ಕಟ್ಟುವಾಗ ಅಂಗೈಯಲ್ಲಿ ಅದುಮಿದ್ರೆ ಪುಡಿ ಗಟ್ಟಿಯಾಗಿ ಕೂರುತ್ತಲ್ಲ, ಹಾಗೇ ಟೈರು ತನ್ನ ಸಂದುಗಳೊಳಗೆ ಹಿಮನ ಅದುಮಿ ತುಂಬಿಕೊಳ್ಳುತ್ತೆ, ಆ ಹಿಮ ಕೆಳಗಿನ ಹಿಮಕ್ಕೆ ಅಂಟುತ್ತೆ. ರಬ್ಬರ್ ಹಿಮಕ್ಕೆ ಅಂಟೋದಕ್ಕಿಂತ ಹಿಮ ಹಿಮಕ್ಕೆ ಅಂಟೋದೇ ಜಾಸ್ತಿ. ಜೊತೆಗೆ ಟ್ರೆಡ್ ಮೇಲೆ, ಅಂದ್ರೆ ಟೈರಲ್ಲಿ ರೋಡಿಗೆ ತಾಗೋ ಭಾಗದ ಮೇಲೆ, ಬ್ಲೇಡಲ್ಲಿ ಸೀಳಿದ ಹಾಗೆ ಸಣ್ಣ ಸಣ್ಣ ಸೀಳು ಇರ್ತವೆ, ಸೈಪ್ ಅಂತಾರೆ, ಅವುಗಳ ಅಂಚು ಒಂದೊಂದೂ ಉಗುರಿನ ಹಾಗೆ ಹಿಮನ ಕೆರೆಯುತ್ತೆ. ಅಂದ್ರೆ ಸ್ನೋಗೆ ಬೇಕಾಗಿರೋದು ಆಳವಾದ ಸಂದು, ತುಂಬಾ ಸೈಪು, ಚಳಿಗೂ ಮೆತ್ತಗೇ ಇರೋ ರಬ್ಬರು. ಈಗ ನಿಮ್ಮ ಟೈರ್ ತಗೊಳ್ಳಿ. ಪರ್ಫಾರ್ಮೆನ್ಸ್ ಅಂದ್ರೆ ಬೇಸಿಗೆಲಿ ಎಂಬತ್ತರ ಸ್ಪೀಡಲ್ಲಿ ತಿರುವು ತಗೊಂಡ್ರೂ ಟ್ರೆಡ್ ಬಾಗಬಾರದು, ಅದಕ್ಕೆ ಅಂಚಿನ ಬ್ಲಾಕು ದೊಡ್ಡದು, ಗಟ್ಟಿ, ಸೈಪು ಕಮ್ಮಿ. ಮೇಲಿಂದ 245 ಮಿಲಿಮೀಟರ್ ಅಗಲ, ಅಗಲ ಟೈರ್ ಹಿಮನ ಸೀಳಿಕೊಂಡು ಕೆಳಗಿಳಿಯಲ್ಲ, ಕೆಸರಂತಾಗಿರೋ ಹಿಮದ ಮೇಲೆ ತೇಲುತ್ತೆ. ಬೇಸಿಗೆಗೂ ಹಿಮಕ್ಕೂ ನಡುವೆ ರಾಜಿ ಮಾಡಿಕೊಂಡು ಮಾಡಿದ ಟೈರ್ ಇದು.

ಹೊಸದಿದ್ದಾಗ ಈ ಟೈರ್ ಕೆಟ್ಟದ್ದು ಅಂತ ನಾನು ಹೇಳಲ್ಲ. ಪೂರ್ತಿ ಟ್ರೆಡ್ ಇದ್ರೆ, ಎರಡು ಮೂರು ಇಂಚು ಹೊಸ ಹಿಮ ಬಿದ್ದಿದ್ರೆ, ನಿಧಾನಕ್ಕೆ ಹೋಗೋರಿಗೆ ಮನೆ ಸೇರಿಸುತ್ತೆ. ತೊಂದ್ರೆ ಶುರುವಾಗೋದು ಅರ್ಧ ಸವೆದ ಮೇಲೆ. ಹೊಸ ಟೈರಲ್ಲಿ ಸಂದು ಹೆಚ್ಚು ಕಮ್ಮಿ 10/32 ಇಂಚು ಆಳ ಇರುತ್ತೆ, ಅಂದ್ರೆ 8 ಮಿಲಿಮೀಟರ್. ಕಾನೂನು ಪ್ರಕಾರ ಇಲ್ಲಿ ಬಹಳ ರಾಜ್ಯಗಳಲ್ಲಿ 2/32 ತನಕ ಓಡಿಸಬಹುದು, ಆದ್ರೆ ಸ್ನೋದಲ್ಲಿ 5/32ಕ್ಕಿಂತ ಕೆಳಗೆ ಹೋದ ಟೈರನ್ನ ನಾನು ನಂಬಲ್ಲ. ಕಾಂಟಿನೆಂಟಲ್ ಕಂಪನಿಯ ಡಿಡಬ್ಲ್ಯೂಎಸ್ ಅನ್ನೋ ಟೈರ್ ನೋಡಿದ್ರೆ ಇದು ಕಣ್ಣಿಗೇ ಕಾಣುತ್ತೆ. ಅದರ ಟ್ರೆಡ್ ಮೇಲೆ ಡಿ, ಡಬ್ಲ್ಯೂ, ಎಸ್ ಅಂತ ಮೂರು ಅಕ್ಷರ ಕೊರೆದಿರ್ತಾರೆ, ಒಣ ರೋಡು, ಒದ್ದೆ ರೋಡು, ಸ್ನೋ ಅಂತ. ಟೈರ್ ಸವೀತಾ ಮೊದಲು ಅಳಿಸಿಹೋಗೋದು ಎಸ್. ಇನ್ನೂ ಎಷ್ಟೋ ಟ್ರೆಡ್ ಉಳಿದಿರುತ್ತೆ, ಮಳೆಗೆ ಚೆನ್ನಾಗೇ ಇರುತ್ತೆ, ಆದ್ರೆ ಸ್ನೋ ಲೆಕ್ಕದಲ್ಲಿ ಕಥೆ ಮುಗೀತು ಅಂತ ಟೈರ್ ಮಾಡಿದವರೇ ಹೇಳ್ತಿದಾರೆ. ನಿಮ್ಮ ಟೈರ್ ಬೇರೆ ಕಂಪನಿದಾದ್ರೂ ಲೆಕ್ಕ ಇದೇ. 22,000 ಮೈಲಿ ಆಗಿದೆ ಅಂತೀರಲ್ಲ, ಇವತ್ತೇ ಒಂದು ಕ್ವಾರ್ಟರ್ (25 ಸೆಂಟ್) ನಾಣ್ಯ ತಗೊಂಡು ಅದರ ಮೇಲಿರೋ ವಾಷಿಂಗ್ಟನ್ ತಲೆ ಕೆಳಗೆ ಬರೋ ಹಾಗೆ ಸಂದಿಗೆ ತೂರಿಸಿ. ತಲೆಯ ತುದಿ ಮಟ್ಟಕ್ಕೆ ಟ್ರೆಡ್ ಬಂದ್ರೆ 4/32, ನಾನು ಹೇಳಿದ 5/32ಕ್ಕಿಂತ ಆಗಲೇ ಕೆಳಗೆ. ತಲೆ ಪೂರ್ತಿ ಆಚೆ ಕಂಡ್ರೆ ಅದಕ್ಕೂ ಕಮ್ಮಿ. ಎರಡರಲ್ಲಿ ಯಾವುದಾದ್ರೂ ಆ ಟೈರಲ್ಲಿ ಸ್ನೋಗೆ ಇಳೀಬೇಡಿ.

ಇನ್ನು ಎಂ ಪ್ಲಸ್ ಎಸ್. ಅಂಗಡಿಯವರು ಇದನ್ನ ತೋರಿಸಿ "ಮಡ್ ಆಂಡ್ ಸ್ನೋ ಸಾರ್, ಆರಾಮಾಗಿ ಓಡಿಸಿ" ಅಂತಾರೆ. ಅಂಥವರನ್ನ ಕಂಡ್ರೆ ನನಗೆ ಆಗಲ್ಲ, ಜನರ ಜೀವದ ಜೊತೆ ಆಟ ಅದು. ಆ ಗುರುತು ಕೊಡೋದು ಟ್ರೆಡ್ ಡಿಸೈನಲ್ಲಿ ಖಾಲಿ ಜಾಗ ಎಷ್ಟಿದೆ ಅಂತ ನೋಡಿ, ಅದಕ್ಕೋಸ್ಕರ ಟೈರನ್ನ ಹಿಮದ ಮೇಲೆ ಓಡಿಸಿ ಪಾಸು ಮಾಡಬೇಕು ಅಂತೇನಿಲ್ಲ. ಜರ್ಮನಿಯಲ್ಲಿ 2024ರ ಅಕ್ಟೋಬರಿಂದ ಬರೀ ಎಂ ಪ್ಲಸ್ ಎಸ್ ಇರೋ ಟೈರನ್ನ ವಿಂಟರ್ ಟೈರ್ ಅಂತ ಒಪ್ಪೋದನ್ನೇ ನಿಲ್ಲಿಸಿದಾರೆ. ನೀವು ಹುಡುಕಬೇಕಾದ್ದು ಮೂರು ಶಿಖರದ ಬೆಟ್ಟ, ಅದರೊಳಗೆ ಹಿಮದ ಹರಳು ಇರೋ ಚಿತ್ರ. ಅದಕ್ಕೆ ನಿಜವಾಗ್ಲೂ ಟೆಸ್ಟ್ ಇದೆ, ಗಟ್ಟಿಯಾದ ಹಿಮದ ಮೇಲೆ ಓಡಿಸಿ, ಹೋಲಿಕೆಗೆ ಅಂತ ಇಟ್ಟಿರೋ ಒಂದು ಟೈರಿಗಿಂತ ಕನಿಷ್ಠ ಶೇಕಡಾ 10 ಜಾಸ್ತಿ ಹಿಡಿತ ತೋರಿಸಬೇಕು. ಆದ್ರೆ ಇಲ್ಲಿ ಅಮೆರಿಕದಲ್ಲಿ ಆ ಟೆಸ್ಟು ಮುಂದಕ್ಕೆ ಎಳೆಯೋ ಹಿಡಿತದ್ದು, ಬ್ರೇಕಿಂದಲ್ಲ, ಐಸ್‌ನದ್ದಂತೂ ಅಲ್ವೇ ಅಲ್ಲ. ಹಾಗಾಗಿ ಆ ಚಿತ್ರ ಇದ್ದ ಮಾತ್ರಕ್ಕೆ ಮೈ ಮರೀಬೇಡಿ.

ಲೆಕ್ಕ ಬೇಕು ಅನ್ನೋರಿಗೆ ಲೆಕ್ಕಾನೇ ಕೊಡ್ತೀನಿ. ಗಂಟೆಗೆ 50 ಕಿಲೋಮೀಟರ್ ವೇಗದಲ್ಲಿ ಬ್ರೇಕ್ ಒತ್ತಿದ್ರೆ ಒಣ ಡಾಂಬರಿನ ಮೇಲೆ ಸುಮಾರು 12 ಮೀಟರಲ್ಲಿ ಕಾರು ನಿಲ್ಲುತ್ತೆ. ಅದುಮಿದ ಹಿಮದ ಮೇಲೆ ಒಂದು ಟೈರಿನ ಹಿಡಿತ (ಘರ್ಷಣೆಯ ಅಂಕ, ಜಾಸ್ತಿ ಇದ್ದಷ್ಟೂ ಒಳ್ಳೇದು) 0.3 ಇದೆ ಅಂದ್ಕೊಳ್ಳಿ, 33 ಮೀಟರ್ ಬೇಕು. ಇನ್ನೊಂದರದ್ದು 0.2 ಅಂದ್ಕೊಳ್ಳಿ, 49 ಮೀಟರ್. ಹದಿನಾರು ಮೀಟರ್ ತಾನೇ ಅನ್ನಬೇಡಿ. ಮೊದಲನೇ ಕಾರು ಪೂರ್ತಿ ನಿಂತಿರೋ ಜಾಗದಲ್ಲಿ ಎರಡನೇ ಕಾರು ಇನ್ನೂ 29 ಕಿಲೋಮೀಟರ್ ವೇಗದಲ್ಲಿ ಹೋಗ್ತಾ ಇರುತ್ತೆ. ಎದುರಿಗೆ ಸ್ಕೂಲ್ ಬಸ್ ನಿಂತಿದ್ರೆ ಏನಾಗುತ್ತೆ ಅಂತ ನೀವೇ ಯೋಚನೆ ಮಾಡಿ.

ನನಗೆ ಇದು ಪುಸ್ತಕ ಓದಿ ಗೊತ್ತಾಗಿದ್ದಲ್ಲ. 2013-14ರ ಚಳಿಗಾಲ, ಡೆಟ್ರಾಯ್ಟಲ್ಲಿ ಒಟ್ಟು 94.9 ಇಂಚು ಹಿಮ ಬಿದ್ದು ದಾಖಲೆಯಾದ ವರ್ಷ, ನಾನು ದಾವಣಗೆರೆಯಿಂದ ಬಂದು ಒಂದು ವರ್ಷಾನೂ ಆಗಿರ್ಲಿಲ್ಲ. ಸೆಕೆಂಡ್ ಹ್ಯಾಂಡ್ ಕಾರು, ಅದರಲ್ಲಿ ನಿಮ್ಮಂಥದ್ದೇ ಅರ್ಧ ಸವೆದ ಟೈರು. ಹೈವೇ ಇಳಿಯೋ ಎಕ್ಸಿಟ್ ರಾಂಪಲ್ಲಿ ಸ್ಟೀರಿಂಗ್ ತಿರುಗಿಸಿದೆ, ಕಾರು ತಿರುಗಲಿಲ್ಲ. ಸ್ಪೀಡೇನೂ ಇರ್ಲಿಲ್ಲ. ಪಾದದ ಕೆಳಗೆ ಬ್ರೇಕ್ ಪೆಡಲ್ ಗರಗರ ನಡುಗ್ತಾ ಇತ್ತು, ಚಕ್ರ ಲಾಕ್ ಆಗದ ಹಾಗೆ ನೋಡಿಕೊಳ್ಳೋ ಎಬಿಎಸ್ ತನ್ನ ಕೆಲಸ ಮಾಡ್ತಿತ್ತು, ಕಾರು ಮಾತ್ರ ನೆಟ್ಟಗೆ ಹೋಗಿ ಅಂಚಿನ ಹಿಮದ ರಾಶಿಗೆ ಮೂಗು ಹೂತುಕೊಂಡು ನಿಂತಿತು. ಇಳಿದು ನೋಡಿದ್ರೆ ಮುಂದಿನ ಟೈರಿನ ಸಂದೆಲ್ಲಾ ಮೆತ್ತಿಕೊಂಡು ಒಂದೇ ಸಮ ಬಿಳಿ, ನುಣ್ಣಗೆ, ಸುಣ್ಣ ಬಳಿದ ಗೋಡೆ ಥರ. ತುಂಬಿದ ಹಿಮನ ಉದುರಿಸೋಕೆ ಅದಕ್ಕೆ ಆಳಾನೇ ಉಳಿದಿರ್ಲಿಲ್ಲ. ಪಕ್ಕದ ಸೀಟಲ್ಲಿ ಏಳು ತಿಂಗಳ ಬಸುರಿ ಹೆಂಡತಿ ಕೂತಿದ್ಲು. ಏನೂ ಆಗ್ಲಿಲ್ಲ, ಆದ್ರೆ ಅವತ್ತಿಂದ ಟೈರ್ ವಿಷಯದಲ್ಲಿ ನಾನು ಯಾರಿಗೂ "ಪರವಾಗಿಲ್ಲ, ಅಡ್ಜಸ್ಟ್ ಮಾಡ್ಕೊಳ್ಳಿ" ಅಂದಿಲ್ಲ.

ಹಾಗಾಗಿ ನಿಮಗೆ ನನ್ನ ಮಾತು ಇಷ್ಟು. 17 ಇಂಚಿನ ರಿಮ್ ಮೇಲೆ 225/50 ಸೈಜಿನ ವಿಂಟರ್ ಟೈರ್ ನಾಲ್ಕು ತಗೊಳ್ಳಿ. ಹೊರಗಿನ ಅಳತೆ ಹೆಚ್ಚು ಕಮ್ಮಿ ಈಗಿನದ್ದೇ ಬರುತ್ತೆ, ಅಗಲ ಕಮ್ಮಿಯಾಗಿ ಹಿಮನ ಸೀಳಿಕೊಂಡು ಹೋಗುತ್ತೆ, ಬೆಲೆನೂ ಕಮ್ಮಿ. 17ರ ರಿಮ್ ನಿಮ್ಮ ಬ್ರೇಕ್ ಕ್ಯಾಲಿಪರಿಗೆ (ರಿಮ್ ಒಳಗಿನ ಬ್ರೇಕ್ ಹಿಡಿಯೋ ಭಾಗಕ್ಕೆ) ತಾಗುತ್ತಾ ಅಂತ ಮಾತ್ರ ಮೊದಲೇ ನೋಡಿಸಿ. ದಂಡ ಏನಲ್ಲ, ವಿಂಟರ್ ಟೈರ್ ಓಡುವಾಗ ಈಗಿನ ಟೈರು ಗ್ಯಾರೇಜಲ್ಲಿ ಸವೆಯದೇ ಕೂತಿರ್ತವೆ. ಎರಡು ಸೆಟ್ ಇಡೋಕೆ ಅಪಾರ್ಟ್‌ಮೆಂಟಲ್ಲಿ ಜಾಗ ಇಲ್ಲ ಅನ್ನೋರು ಬೆಟ್ಟದ ಗುರುತಿರೋ, ವರ್ಷ ಪೂರ್ತಿ ಓಡಿಸೋ ಆಲ್ ವೆದರ್ ಟೈರ್ ಹಾಕಿಸಿ, ಮಿಶೆಲಿನ್ ಕ್ರಾಸ್‌ಕ್ಲೈಮೇಟ್ ಆ ಜಾತಿದು, ಬೇಸಿಗೆಲಿ ತಿರುವಿನ ಮಜಾ ಸ್ವಲ್ಪ ಕಮ್ಮಿಯಾಗುತ್ತೆ, ಆಗಲಿ ಬಿಡಿ.

ಪ್ರಶ್ನೆ (ಎಡಿಸನ್, ನ್ಯೂಜೆರ್ಸಿ): ಫ್ರಂಟ್ ವೀಲ್ ಡ್ರೈವ್ ಕಾರು, ಮುಂದೆ ಎರಡು ಮಾತ್ರ ವಿಂಟರ್ ಟೈರ್ ಹಾಕಿಸಿದ್ರೆ ಸಾಕಾ?

ಬೇಡ. ಮುಂದಿನದು ಹಿಡಿಯುತ್ತೆ, ಹಿಂದಿನದು ಹಿಡಿಯಲ್ಲ, ತಿರುವಲ್ಲಿ ಬ್ರೇಕ್ ಒತ್ತಿದ ತಕ್ಷಣ ಹಿಂಭಾಗ ಸುತ್ತಿ ಮುಂದಕ್ಕೆ ಬರುತ್ತೆ. ನಾಲ್ಕು ಹಾಕಿಸಿ.

ಪ್ರಶ್ನೆ (ಬ್ರಾಂಪ್ಟನ್, ಕೆನಡಾ): ಸ್ನೋದಲ್ಲಿ ಗಾಳಿ ಕಮ್ಮಿ ಮಾಡಿದ್ರೆ ಗ್ರಿಪ್ ಜಾಸ್ತಿಯಂತೆ ಹೌದಾ? ನೈಟ್ರೋಜನ್ ತುಂಬಿಸಲಾ?

ಎರಡೂ ಬೇಡ. ತಾಪಮಾನ ಸುಮಾರು 5.5 ಡಿಗ್ರಿ ಸೆಲ್ಸಿಯಸ್ ಇಳಿದ್ರೆ ಗಾಳಿಯ ಒತ್ತಡ ತಾನಾಗೇ 1 ಪಿಎಸ್‌ಐ (ಒತ್ತಡ ಅಳೆಯೋ ಲೆಕ್ಕ) ಇಳಿಯುತ್ತೆ, ನೈಟ್ರೋಜನ್ನೂ ಹಾಗೇ ಇಳಿಯುತ್ತೆ. ಡ್ರೈವರ್ ಬಾಗಿಲ ಹತ್ರ ಅಂಟಿಸಿರೋ ಚೀಟಿಯಲ್ಲಿ ಬರೆದಷ್ಟು ಗಾಳಿ ಇರಲಿ, ಬೆಳಿಗ್ಗೆ ಕಾರು ತೆಗೆಯೋ ಮುಂಚೆನೇ ಅಳೀರಿ.

ಪ್ರಶ್ನೆ (ಮಾಂಟ್ರಿಯಲ್): ಡಿಸೆಂಬರ್ ಪೂರ್ತಿ ಆಲ್ ಸೀಸನಲ್ಲೇ ಓಡಿಸಿ ಜನವರಿಗೆ ಬದಲಾಯಿಸಬಹುದಾ?

ನಿಮ್ಮ ಮಾಂಟ್ರಿಯಲ್ ಇರೋ ಕ್ವಿಬೆಕ್ ಪ್ರಾಂತ್ಯದಲ್ಲಿ ಡಿಸೆಂಬರ್ 1ರಿಂದ ಮಾರ್ಚ್ 15ರ ತನಕ ವಿಂಟರ್ ಟೈರ್ ಕಡ್ಡಾಯ, ಇದನ್ನ ಕೇಳೋದೇ ಬೇಡ.

ಪ್ರಶ್ನೆ (ಬೆಂಗಳೂರು): ಜನವರಿಲಿ ನಮ್ಮ ಕಾರಲ್ಲೇ ಮನಾಲಿಗೆ ಹೋಗಿ ಅಟಲ್ ಟನಲ್ ದಾಟಿ ಸಿಸ್ಸು ನೋಡೋ ಪ್ಲಾನ್. ಹೊಸ ಟೈರ್ ಹಾಕಿಸಿದೀವಿ, ಸಾಕಲ್ವಾ?

ಸಾಕಾಗಲ್ಲ. ಬೆಂಗಳೂರಲ್ಲಿ ಹಾಕಿಸಿದ ಹೊಸ ಟೈರ್ ಬಿಸಿಲು ಮಳೆಗೆ ಮಾಡಿದ್ದು, ಅದರ ರಬ್ಬರ್ ಅಲ್ಲಿನ ಚಳಿಗೆ ಗಟ್ಟಿಯಾಗುತ್ತೆ, 4x4 ಆದ್ರೂ ಇದೇ ಮಾತು. ಹಿಮ ಬಿದ್ದ ದಿನ ಕಾರನ್ನ ಹೋಟೆಲ್ ಹತ್ರ ಬಿಟ್ಟು, ಹಿಮಕ್ಕೆ ಅಂತ ಟೈರಿಗೆ ಚೈನ್ ಸುತ್ತಿರೋ ಅಲ್ಲಿನ ಟ್ಯಾಕ್ಸಿ ಹಿಡೀರಿ. ನಾವೇ ಓಡಿಸ್ತೀವಿ ಅಂತ ಹಠ ಇದ್ರೆ ನಿಮ್ಮ ಟೈರ್ ಸೈಜಿಗೆ ಸರಿಯಾದ ಚೈನ್ ಬೆಂಗಳೂರಿಂದಲೇ ತಗೊಂಡು ಹೋಗಿ, ಎಂಜಿನ್ ತಿರುಗಿಸೋ ಚಕ್ರಕ್ಕೆ ಹಾಕೋದು ಅಂತ ನೆನಪಿರಲಿ, ಹೊರಡೋ ಮುಂಚೆ ಮನೆ ಮುಂದೆನೇ ದಪ್ಪ ಕೈಗವಸು ಹಾಕ್ಕೊಂಡು ಎರಡು ಸಲ ಹಾಕಿ ಬಿಚ್ಚಿ ನೋಡಿ, ಯಾಕಂದ್ರೆ ಅಲ್ಲಿ ಬರಿಗೈಯಲ್ಲಿ ಆ ಕೊಂಡಿ ಸಿಕ್ಕಿಸೋಕೆ ಹೋದ್ರೆ ಎರಡು ನಿಮಿಷಕ್ಕೆ ಬೆರಳು ಮರಗಟ್ಟುತ್ತೆ.